ಕಾಡಿನ ಹೆದ್ದಾರಿಗೆ ಅಂಡರ್‌ಪಾಸ್ ಬೇಡವೆನ್ನುವವರಿಗೆ

ಕಾಡು ಸೀಳಿಕೊಂಡು ಹೋಗುವ ಹೆದ್ದಾರಿಯಲ್ಲಿ ಪ್ರಾಣಿಗಳು ದಾಟಲು ಅಂಡರ್‌ಪಾಸನ್ನೋ ಮೇಲ್ಸೇತುವೆಯನ್ನೋ ಕಟ್ಟಿ ಎಂದು ಕೇಳಿದಾಗಲೆಲ್ಲ ಎದುರಿನಿಂದ ಬರುವ ಉತ್ತರಗಳು ಈಗ ಬಾಯಿಪಾಠವಾಗಿವೆ. ಪ್ರಾಣಿಗಳು ಅವನ್ನು ಬಳಸುವುದಿಲ್ಲ. ಬಳಸಿದರೂ ಅಷ್ಟು ದುಡ್ಡು ಸುರಿಯುವುದು ದಂಡ. ಫಲಕ, ಹಂಪ್ಸ್ ಹಾಕಿದರೆ ಸಾಕು. ಅಲ್ಲದೆ ರಸ್ತೆಯಡಿ ಮೋರಿಗಳು ಹೇಗೂ ಇವೆಯಲ್ಲ. ಆದರೆ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕಿರುವ ತಡೆಯ ಮಾತು ಎದ್ದ ಕೂಡಲೇ ಇದೇ ಪಾಳಯದಿಂದ ಬೇರೆ ರಾಗ ಹೊರಡುತ್ತದೆ: ಮೇಲ್ಸೇತುವೆ ಕಟ್ಟಿಬಿಡಿ, ಪ್ರಾಣಿಗಳು ಕೆಳಗೆ ನೆಮ್ಮದಿಯಾಗಿ ಓಡಾಡಿಕೊಂಡಿರುತ್ತವೆ, ರಾತ್ರಿ ಗೇಟು ತೆಗೆಯಿರಿ. ಒಂದು ಕಡೆ ನಿಷ್ಪ್ರಯೋಜಕವಾದದ್ದು ಇನ್ನೊಂದು ಕಡೆ ಸರ್ವರೋಗ ನಿವಾರಕವಾಗುವುದು ಹೇಗೆ? ಈ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುಗರದ್ದು.

ಮೊದಲನೆಯದು, ಪ್ರಾಣಿಗಳು ಮನುಷ್ಯ ಕಟ್ಟಿದ ದಾರಿಯನ್ನು ಬಳಸುವುದಿಲ್ಲ ಎಂಬುದು. ಸಿಮೆಂಟಿನ ಕಂಬಗಳ ನಡುವೆ ಹುಲಿ ಹೋಗುತ್ತದೆಯೇ, ತಲೆಯ ಮೇಲೆ ಲಾರಿ ಗುಡುಗುವಾಗ ಜಿಂಕೆ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ಹಿಂದೊಮ್ಮೆ ಇದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಈಗ ಅದಕ್ಕೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ನಾಗಪುರ ಮತ್ತು ಸಿವನಿ ನಡುವೆ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಅಂಚನ್ನು ಹಾದು, ಕಾನ್ಹಾ ಕಡೆಗಿನ ಹುಲಿ ದಾರಿಯನ್ನು ಕತ್ತರಿಸುತ್ತದೆ. ಅದನ್ನು ನಾಲ್ಕು ಪಥಕ್ಕೆ ಅಗಲಿಸುವಾಗ ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ದಾಟುದಾರಿಗಳನ್ನು ಬಿಟ್ಟರು: ಐದು ಅಂಡರ್‌ಪಾಸ್, ನಾಲ್ಕು ಕಿರುಸೇತುವೆ. ಅತಿ ಸಣ್ಣದರ ಅಗಲ 50 ಮೀಟರ್, ಅತಿ ದೊಡ್ಡದು 750 ಮೀಟರ್. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಅವುಗಳಡಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಕಾದಿತು. 2019ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ 18 ಜಾತಿಯ ಕಾಡುಪ್ರಾಣಿಗಳ 5,450 ಚಿತ್ರಗಳು ದಾಖಲಾದವು. ಹುಲಿ ದಾಟಿದ್ದು 89 ಬಾರಿ. ದಾರಿ ತಪ್ಪಿ ಬಂದ ಒಂದೇ ಹುಲಿ ಅದಲ್ಲ, ಕನಿಷ್ಠ ಹತ್ತು ಬೇರೆ ಬೇರೆ ಹುಲಿಗಳು. ಜೊತೆಗೆ ಸೀಳುನಾಯಿ, ಕರಡಿ, ಕಾಟಿ, ಕಾಡುಹಂದಿ. ಎಲ್ಲಕ್ಕಿಂತ ಹೆಚ್ಚು ಬಾರಿ ಕಾಣಿಸಿದ್ದು ಜಿಂಕೆ, ಲಾರಿಯ ಸದ್ದಿಗೆ ಬೆದರಿ ಓಡುತ್ತದೆ ಎಂದು ಇವರು ಹೇಳುತ್ತಿದ್ದ ಅದೇ ಜಿಂಕೆ.

ಹುಲಿ, ಜಿಂಕೆ ಸರಿ, ಆನೆ ಹೋಗದು ಎಂದು ವಾದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕೀನ್ಯಾದಲ್ಲಿ ಮೌಂಟ್ ಕೀನ್ಯಾ ಬೆಟ್ಟದ ಕಾಡಿಗೂ ಬಯಲಿನ ಕಾಡಿಗೂ ನಡುವಿನ 14 ಕಿಲೋಮೀಟರ್ ಆನೆಪಥವನ್ನು ನನ್ಯುಕಿ-ಮೇರು ಹೆದ್ದಾರಿ ಅಡ್ಡಗಟ್ಟಿತ್ತು. ಅಲ್ಲಿ ಆನೆಗಳಿಗೆಂದೇ ಅಂಡರ್‌ಪಾಸ್ ತೆರೆದದ್ದು 2011ರ ಹೊತ್ತಿಗೆ. ತೆರೆದ ಸ್ವಲ್ಪದರಲ್ಲೇ ಒಂದು ಗಂಡಾನೆ ಅದರಡಿ ಹಾದುಹೋಯಿತು, ಆಮೇಲೆ ಉಳಿದವೂ ಬಳಸತೊಡಗಿದವು. ಎಲ್ಲ ಪ್ರಾಣಿಗಳೂ ಇಷ್ಟು ಬೇಗ ಒಪ್ಪುವುದಿಲ್ಲ ನಿಜ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಗ್ರಿಜ್ಲಿ ಕರಡಿಗಳು ಮೇಲ್ಸೇತುವೆಗೆ ಒಗ್ಗಿಕೊಳ್ಳಲು ಐದು ವರ್ಷದವರೆಗೂ ತೆಗೆದುಕೊಂಡವು. ಈಗ ಮರಿಗಳು ತಾಯಿಯ ಹಿಂದೆ ನಡೆದು ಆ ದಾರಿಯನ್ನು ಕಲಿಯುತ್ತವೆ. ಕಟ್ಟಿ ಆರು ತಿಂಗಳಿಗೆ ಹೋಗಿ ನೋಡಿ 'ಏನೂ ಬರಲಿಲ್ಲ' ಎಂದು ಷರಾ ಬರೆಯುವವರು ಪ್ರಾಣಿಯ ನಡವಳಿಕೆಯನ್ನು ಅಳೆದಿಲ್ಲ, ತಮ್ಮ ಅವಸರವನ್ನು ಅಳೆದಿದ್ದಾರೆ.

ಇಲ್ಲಿಗೆ ಹೊಂದಿಕೊಂಡೇ ಇನ್ನೊಂದು ಆಕ್ಷೇಪವನ್ನೂ ತೇಲಿಬಿಡುತ್ತಾರೆ: ಹುಲಿ, ಸೀಳುನಾಯಿಗಳು ಅಂಡರ್‌ಪಾಸಿನ ಬಾಯಲ್ಲೇ ಹೊಂಚು ಹಾಕಿ ಜಿಂಕೆಗಳನ್ನು ಮುಗಿಸುತ್ತವೆ ಎಂದು. ಈ ಅನುಮಾನವನ್ನು ತಜ್ಞರು ಪರಿಶೀಲಿಸಿಯಾಗಿದೆ. 2002ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇದಕ್ಕೆ ಬಿಡಿ ಘಟನೆಗಳ ಹೇಳಿಕೆ ಬಿಟ್ಟರೆ ಗಟ್ಟಿ ಆಧಾರವಿಲ್ಲ ಎಂದಿತು. ಇದನ್ನು ಹೇಳುವವರು ತಮ್ಮ ಮೊದಲ ವಾದವನ್ನೂ ನೆನಪಿಟ್ಟುಕೊಳ್ಳಬೇಕು. ಪ್ರಾಣಿಗಳು ಅಲ್ಲಿಗೆ ಬರುವುದೇ ಇಲ್ಲ ಎಂದವರೂ ಇವರೇ, ಬಂದು ಒಂದನ್ನೊಂದು ತಿನ್ನುತ್ತವೆ ಎನ್ನುವವರೂ ಇವರೇ. ಎರಡರಲ್ಲಿ ಯಾವುದು ತಮ್ಮ ಅಭಿಪ್ರಾಯ ಎಂದು ಅವರು ಮೊದಲು ನಿರ್ಧರಿಸಲಿ.

ಮೋರಿಯ ವಾದವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹೆಚ್ಚು ಅನಾಹುತ ಮಾಡುವುದು ಅದೇ. ರಸ್ತೆ ಯೋಜನೆಯ ವರದಿಗಳಲ್ಲಿ 'ವನ್ಯಜೀವಿಗಳ ಅನುಕೂಲಕ್ಕೆ ಇಷ್ಟು ರಚನೆಗಳನ್ನು ಒದಗಿಸಲಾಗಿದೆ' ಎಂದು ಒಂದು ಸಾಲು ಇರುತ್ತದೆ. ಅದನ್ನು ಕೆದಕಿದರೆ ಮಳೆನೀರು ಹರಿಯಲು ಹೇಗೂ ಹಾಕಲೇಬೇಕಿದ್ದ ಹ್ಯೂಮ್ ಪೈಪುಗಳೂ ಚೌಕದ ಮೋರಿಗಳೂ ಆ ಲೆಕ್ಕದಲ್ಲಿ ಸೇರಿಕೊಂಡಿರುತ್ತವೆ. ಮಳೆಗಾಲದಲ್ಲಿ ನೀರು ತುಂಬಿ, ಬೇಸಿಗೆಯಲ್ಲಿ ಹೂಳು ತುಂಬಿ ನಿಲ್ಲುವ ಒಂದು ಮೀಟರ್ ಪೈಪಿನಲ್ಲಿ ಮುಂಗುಸಿ ದಾಟಬಹುದು, ಕಬ್ಬೆಕ್ಕು ದಾಟಬಹುದು. ಕಡವೆ ದಾಟುವುದಿಲ್ಲ. ಗೊರಸಿನ ಪ್ರಾಣಿಗಳಿಗೆ ಆಚೆ ಬದಿಯ ಬೆಳಕು ಕಾಣಬೇಕು. ಹಾದಿ ಉದ್ದವಾದಷ್ಟೂ ಬಾಯಿ ಅಗಲವೂ ಎತ್ತರವೂ ಆಗಬೇಕು. ನೆಲ ಕಾಂಕ್ರೀಟ್ ಆಗಿರದೆ ಮಣ್ಣಾಗಿರಬೇಕು. ಎರಡೂ ಬಾಯಲ್ಲಿ ಮರೆಗೆ ಗಿಡಗಂಟಿ ಇರಬೇಕು. ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ರಸ್ತೆ, ರೈಲು, ವಿದ್ಯುತ್ ಮಾರ್ಗಗಳು ಕಾಡು ದಾಟುವಾಗ ಏನೇನು ಮಾಡಬೇಕೆಂಬುದನ್ನು ವಿವರಿಸಿದೆ. ಅದು ಗುಟ್ಟಿನ ದಾಖಲೆಯಲ್ಲ, ಪ್ರತಿ ಹೆದ್ದಾರಿ ಎಂಜಿನಿಯರಿನ ಕೈಗೆ ಸಿಗುವಂಥದ್ದು. ಅದನ್ನು ಓದಿಯೂ ಮೋರಿಗೆ ಅಂಡರ್‌ಪಾಸ್ ಎಂದು ಬೋರ್ಡು ಹಾಕುವುದು, ಆಮೇಲೆ ಅಲ್ಲಿ ಯಾವ ಪ್ರಾಣಿಯೂ ಬರಲಿಲ್ಲವೆಂದು ಅಂಡರ್‌ಪಾಸ್‌ಗಳೇ ವ್ಯರ್ಥ ಎನ್ನುವುದು ಒಂದೇ ಕೈ ಮಾಡುವ ಎರಡು ಕೆಲಸ. ಪೆಂಚ್‌ನಲ್ಲಿ 50 ಮೀಟರಿಗಿಂತ ಕಡಿಮೆಯದು ಕಟ್ಟಲಿಲ್ಲ ಎಂಬುದಕ್ಕೂ ಅಲ್ಲಿ ಹುಲಿ ದಾಟಿತು ಎಂಬುದಕ್ಕೂ ಇರುವ ನಂಟನ್ನು ಈ ಜನ ಬೇಕೆಂದೇ ಮರೆಯುತ್ತಾರೆ.

ಸಣ್ಣ ಜೀವಿಗಳಿಗೆ ಮೋರಿಯೇ ಸಾಕು ಎನ್ನುವುದರಲ್ಲಿ ಒಂದು ಪಾಲು ಸತ್ಯವಿದೆ. ಒಳಗಡೆ ಬದಿಗೆ ನೀರು ಮುಟ್ಟದ ಕಟ್ಟೆ ಕಟ್ಟಿ, ಕಪ್ಪೆ ಹಾವುಗಳನ್ನು ಅತ್ತ ತಿರುಗಿಸುವ ತಗ್ಗು ತಡೆ ಹಾಕಿದರೆ ಮೋರಿಯೂ ಕೆಲಸ ಮಾಡುತ್ತದೆ. ಮುಂಗಾರಿನ ರಾತ್ರಿ ಘಟ್ಟದ ರಸ್ತೆಯಲ್ಲಿ ಟೈರಿಗೆ ಸಿಕ್ಕಿ ಸಾಯುವ ಕಪ್ಪೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮರದಿಂದ ಇಳಿಯಲು ಒಲ್ಲದ ಸಿಂಗಳೀಕದಂಥವಕ್ಕೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟುವ ತೂಗುಹಾದಿ ಸಾಕು. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ಅವನ್ನು ಬಳಸುತ್ತಿವೆ. ನಮ್ಮ ಶರಾವತಿ, ಅಘನಾಶಿನಿ ಕೊಳ್ಳಗಳ ರಸ್ತೆಗಳಲ್ಲಿ ಇಂಥದ್ದನ್ನು ಕಟ್ಟಲು ಕೋಟಿಗಳ ಲೆಕ್ಕಾಚಾರವೇ ಬೇಡ. ಹಾಗಿದ್ದರೆ ದುಡ್ಡಿಲ್ಲ ಎನ್ನುವವರು ಈ ಅಗ್ಗದ ಕೆಲಸವನ್ನಾದರೂ ಏಕೆ ಮಾಡಿಲ್ಲ?

ದುಡ್ಡಿನ ವಾದಕ್ಕೇ ಬರೋಣ. ಪ್ರಾಣಿಗಳಿಗೆ ಸೇತುವೆ ಕಟ್ಟುವಷ್ಟು ಶ್ರೀಮಂತ ದೇಶವೇ ನಮ್ಮದು, ಮನುಷ್ಯರಿಗೇ ಮೇಲ್ಸೇತುವೆ ಇಲ್ಲದಿರುವಾಗ, ಎಂದು ಕೇಳುತ್ತಾರೆ. ಊರ ನಡುವೆ ಹೆದ್ದಾರಿ ಹಾಯುವಲ್ಲಿ ಶಾಲೆಯ ಮಕ್ಕಳು ದಾಟಲು ಅಂಡರ್‌ಪಾಸ್ ಇಲ್ಲವೆಂಬುದು ನಿಜ. ಆದರೆ ಅದನ್ನು ಕಟ್ಟದವರು ಯಾರು? ಆನೆಯೂ ಅಲ್ಲ, ಆನೆಯ ಪರ ಮಾತಾಡುವವರೂ ಅಲ್ಲ. ಖರ್ಚು ಉಳಿಸಲೆಂದು ಹಳ್ಳಿಯ ದಾಟುದಾರಿಯನ್ನು ನಕ್ಷೆಯಿಂದ ಅಳಿಸುವ ಕೈಯೇ ಕಾಡಿನದನ್ನೂ ಅಳಿಸುತ್ತದೆ. ಒಂದು ಲೋಪವನ್ನು ತೋರಿಸಿ ಇನ್ನೊಂದು ಲೋಪಕ್ಕೆ ಸಮರ್ಥನೆ ಪಡೆಯುವುದು ವಾದವಾಗುವುದಿಲ್ಲ.

ಕಾಡಿನ ರಸ್ತೆಯ ಡಿಕ್ಕಿಯಲ್ಲಿ ಸಾಯುವುದು ಪ್ರಾಣಿಯೊಂದೇ ಅಲ್ಲ ಎಂಬುದೂ ಈ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಬಲಿತ ಕಡವೆ ಇನ್ನೂರು ಕಿಲೋ ಮೀರುತ್ತದೆ, ಕಾಟಿ ಅದರ ಮೂರು ನಾಲ್ಕು ಪಟ್ಟು. ಕತ್ತಲಲ್ಲಿ ಅದಕ್ಕೆ ಗುದ್ದಿದ ಬೈಕ್ ಸವಾರನ ಗತಿಯನ್ನು ವಿವರಿಸಬೇಕಿಲ್ಲ. ಅಮೆರಿಕದಲ್ಲಿ 2009ರಲ್ಲಿ ಇದರ ಲೆಕ್ಕ ಹಾಕಿದರು. ವಾಹನದ ದುರಸ್ತಿ, ಆಸ್ಪತ್ರೆ, ಜೀವಹಾನಿ ಎಲ್ಲ ಸೇರಿ ಒಂದು ಜಿಂಕೆಗೆ ಡಿಕ್ಕಿ ಹೊಡೆದರೆ ಸರಾಸರಿ ನಷ್ಟ 6,600 ಡಾಲರಿಗೂ ಹೆಚ್ಚು, ಎಲ್ಕ್ ಎಂಬ ದೊಡ್ಡ ಕಡವೆಗೆ 17,000 ಡಾಲರಿಗೂ ಹೆಚ್ಚು. ಡಿಕ್ಕಿಗಳು ಪದೇ ಪದೇ ಆಗುವ ರಸ್ತೆಯಲ್ಲಿ ಬೇಲಿ ಮತ್ತು ಅಂಡರ್‌ಪಾಸ್ ತಮ್ಮ ಖರ್ಚನ್ನು ತಾವೇ ತೀರಿಸುತ್ತವೆ ಎಂದು ಆ ಲೆಕ್ಕ ತೋರಿಸಿತು. ಬ್ಯಾನ್ಫ್‌ನಲ್ಲಿ ಬೇಲಿ, ಅಂಡರ್‌ಪಾಸ್, ಮೇಲ್ಸೇತುವೆಗಳು ಬಂದ ಮೇಲೆ ಪ್ರಾಣಿ ಡಿಕ್ಕಿಗಳು ಶೇ 80ಕ್ಕೂ ಹೆಚ್ಚು ಇಳಿದವು. ಎಲ್ಕ್ ಮತ್ತು ಜಿಂಕೆಗಳ ವಿಷಯದಲ್ಲಂತೂ ಇಳಿಕೆ ಶೇ 96. ಇನ್ನು ಕಟ್ಟದಿರುವುದರ ಖರ್ಚು ಬೇಕಿದ್ದರೆ ಪೆಂಚ್‌ನ ಹೆದ್ದಾರಿ ನ್ಯಾಯಾಲಯಗಳ ಮೆಟ್ಟಿಲಲ್ಲಿ ಕಳೆದ ವರ್ಷಗಳನ್ನು ನೋಡಿ. ಮೊದಲ ನಕ್ಷೆಯಲ್ಲೇ ಪ್ರಾಣಿಗಳ ದಾರಿಗೆ ಜಾಗವಿಟ್ಟಿದ್ದರೆ ಆ ರಸ್ತೆ ಎಷ್ಟೋ ಬೇಗ ಮುಗಿಯುತ್ತಿತ್ತು.

ಫಲಕ ಮತ್ತು ಹಂಪ್ಸ್ ಸಾಕು ಎನ್ನುವವರು ಹೆದ್ದಾರಿಯ ತಮ್ಮದೇ ಗಣಿತವನ್ನು ಮರೆತಿದ್ದಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಗಂಟೆಗೆ 80 ಕಿಲೋಮೀಟರ್ ವೇಗದ ರಸ್ತೆಯಲ್ಲಿ ಚಾಲಕ ಅಡ್ಡಿಯನ್ನು ಕಂಡು ವಾಹನ ನಿಲ್ಲಿಸಲು 120 ಮೀಟರ್ ಮುಂದಿನವರೆಗೆ ಕಾಣಬೇಕು. 100ರ ವೇಗಕ್ಕೆ 180 ಮೀಟರ್. ಡಿಮ್ ಮಾಡಿದ ಹೆಡ್‌ಲೈಟು ಅದರ ಅರ್ಧ ದೂರವನ್ನೂ ಸರಿಯಾಗಿ ತೋರಿಸದು. ಮೈ ಕಪ್ಪಗಿರುವ ಕಾಟಿಯ ಮಟ್ಟಿಗೆ ಅದೂ ಇಲ್ಲ. ಅಂದರೆ ಫಲಕ ಓದಿದ ಒಳ್ಳೆಯ ಚಾಲಕನೂ ಕಾಣುವಷ್ಟರಲ್ಲಿ ಗುದ್ದಿರುತ್ತಾನೆ. ನೂರರ ವೇಗಕ್ಕೆ ರಸ್ತೆ ಕಟ್ಟಿ, ಪಕ್ಕದಲ್ಲಿ ಮೂವತ್ತರ ಫಲಕ ನೆಟ್ಟು, ಸತ್ತ ಪ್ರಾಣಿಯ ಹೊಣೆಯನ್ನು ಚಾಲಕನ ತಲೆಗೆ ಕಟ್ಟುವುದು ಸುರಕ್ಷತೆಯಲ್ಲ, ಕೈತೊಳೆದುಕೊಳ್ಳುವಿಕೆ. ಎರಡು ಪಥದ ಹಳೆಯ ಕಾಡುರಸ್ತೆಗೆ ಹಂಪ್ಸ್ ಖಂಡಿತ ಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಮಾತ್ರ ಅದನ್ನು ಯಾರೂ ಹಾಕುವುದಿಲ್ಲ, ಹಾಕಿದರೆ ಮರುದಿನವೇ ತೆಗೆಸುವವರು ಅವು ಸಾಕೆಂದು ವಾದಿಸಿದವರೇ.

ಈಗ ಎದುರು ದಿಕ್ಕಿನ ಒಂದು ಆಕ್ಷೇಪ. ಇದು ಕಾಡನ್ನು ಪ್ರೀತಿಸುವವರಿಂದಲೇ ಬರುತ್ತದೆ, ಆದ್ದರಿಂದ ಗೌರವದಿಂದ ಉತ್ತರಿಸಬೇಕು. ಅಂಡರ್‌ಪಾಸ್ ಒಪ್ಪಿಕೊಂಡರೆ ಕಾಡಿನ ನಡುವೆ ರಸ್ತೆಯನ್ನೇ ಒಪ್ಪಿಕೊಂಡಂತೆ, ನಾಲ್ಕು ಸೇತುವೆ ತೋರಿಸಿ ನಲವತ್ತು ರಸ್ತೆಗೆ ಅನುಮತಿ ಪಡೆಯುತ್ತಾರೆ ಎನ್ನುತ್ತಾರೆ ಅವರು. ಅವರ ಭಯ ಸುಳ್ಳಲ್ಲ. ಮೊದಲು ಕಾಡನ್ನು ತಪ್ಪಿಸಿ ರಸ್ತೆ ಮಾಡಲು ನೋಡಬೇಕು, ಅದು ಸಾಧ್ಯವೇ ಇಲ್ಲದಲ್ಲಿ ಮಾತ್ರ ದಾಟುದಾರಿಯ ಮಾತು. ಆದರೆ ತಪ್ಪಿಸಲಾಗದ ರಸ್ತೆ ಎದುರಿಗೇ ಇರುವಾಗ, ಅದು ಈಗಾಗಲೇ ದಿನವೂ ಪ್ರಾಣಿಗಳನ್ನು ಕೊಲ್ಲುತ್ತಿರುವಾಗ, ತತ್ತ್ವಕ್ಕಾಗಿ ಅಂಡರ್‌ಪಾಸನ್ನು ತಿರಸ್ಕರಿಸಿದರೆ ಸೋಲುವುದು ಗುತ್ತಿಗೆದಾರನಲ್ಲ. ಪೆಂಚ್‌ನಲ್ಲಿ ಬೇರೆ ದಾರಿಯಲ್ಲಿ ಹೆದ್ದಾರಿ ಒಯ್ಯಿರಿ ಎಂದು ಹೋರಾಡಿದವರು ಸೋತರು. ಅವರ ಹೋರಾಟ ಇಲ್ಲದಿದ್ದರೆ ಆ ಒಂಬತ್ತು ದಾಟುದಾರಿಗಳೂ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಇನ್ನು ಬಂಡೀಪುರ. ಗುಂಡ್ಲುಪೇಟೆಯಿಂದ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿ 766ರಲ್ಲೂ ಊಟಿ ರಸ್ತೆಯಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆ ಬಂದದ್ದು 2009ರಲ್ಲಿ. ಅದನ್ನು ಕರ್ನಾಟಕ ಹೈಕೋರ್ಟ್ 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ವಿನಾಯಿತಿ ಇದೆ. 2018ರಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯದಿಂದ ಒಂದು ಪ್ರಸ್ತಾವ ಬಂತು: 766ರಲ್ಲಿ ಒಂದೊಂದು ಕಿಲೋಮೀಟರ್ ಉದ್ದದ ಐದು ಎತ್ತರಿಸಿದ ರಸ್ತೆಗಳು, ಉಳಿದುದಕ್ಕೆ ಇಬ್ಬದಿ ಬೇಲಿ, ಖರ್ಚು ನೂರಾರು ಕೋಟಿ, ಪ್ರತಿಯಾಗಿ ರಾತ್ರಿ ತಡೆ ತೆರವು. ಕರ್ನಾಟಕ ಒಪ್ಪಲಿಲ್ಲ. ಅಂದಿನಿಂದ ನಮ್ಮಂಥವರನ್ನು ಈ ಪಾಳಯ ಕೇಳುವ ಪ್ರಶ್ನೆ: ಪೆಂಚ್‌ನಲ್ಲಿ ಹುಲಿ ದಾಟಿತು ಎಂದು ಹೊಗಳುತ್ತೀರಿ, ಬಂಡೀಪುರದಲ್ಲಿ ಮಾತ್ರ ಏಕೆ ಬೇಡ?

ಉತ್ತರ ನೆಲದಲ್ಲೇ ಇದೆ. ಪೆಂಚ್‌ನಲ್ಲಿ ಹೆದ್ದಾರಿ ಕಾಡಿನ ಅಂಚಿನಲ್ಲಿದ್ದು ಎರಡು ಕಾಡುಗಳ ನಡುವಿನ ನಂಟನ್ನು ಕತ್ತರಿಸುತ್ತದೆ. ಕೀನ್ಯಾದಲ್ಲೂ ಅಂಡರ್‌ಪಾಸ್ ಇರುವುದು ಇಕ್ಕಟ್ಟಾದ ಒಂದು ಆನೆಪಥದ ಮೇಲೆ, ಪ್ರಾಣಿ ಎಲ್ಲಿ ದಾಟುತ್ತದೆಂದು ಖಚಿತವಾಗಿ ಗೊತ್ತಿದ್ದ ಜಾಗದಲ್ಲಿ. ಬಂಡೀಪುರದ ಹೆದ್ದಾರಿ ಹಾಯುವುದು ಹುಲಿ ಸಂರಕ್ಷಿತ ಪ್ರದೇಶದ ಒಡಲಲ್ಲಿ. ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಮೂಲೆಹೊಳೆಯವರೆಗೆ ಎಡಕ್ಕೂ ಕಾಡು, ಬಲಕ್ಕೂ ಕಾಡು. ಅಲ್ಲಿ ಆನೆಗೆ ಎಲ್ಲವೂ ಓಡಾಡುವ ಜಾಗವೇ. ಐದು ಕಡೆ ಬಾಗಿಲಿಟ್ಟು ಉಳಿದ ಉದ್ದಕ್ಕೆ ಬೇಲಿ ಹಾಕಿದರೆ ಇವತ್ತು ಇಡೀ ರಾತ್ರಿ ತೆರೆದಿರುವ ಕಾಡನ್ನು ಹಗಲೂ ರಾತ್ರಿಯೂ ಮುಚ್ಚಿದಂತೆ. ಬಾಗಿಲು ಸಿಗದ ಆನೆಯ ಮುಂದೆ ತಂತಿಬೇಲಿ ಎಷ್ಟು ದಿನ ನಿಲ್ಲುತ್ತದೆಂದು ಗುಂಡ್ಲುಪೇಟೆ ತಾಲ್ಲೂಕಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಬೇಲಿ ಹರಿದು ಒಳಬಂದ ಆನೆ ಎರಡು ಬೇಲಿಗಳ ನಡುವೆ ಲಾರಿಗಳ ಎದುರು ಸಿಕ್ಕಿಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಪ್ರಸ್ತಾವದ ಬೆಂಬಲಿಗರಿಂದ ಉತ್ತರ ಬಂದಿಲ್ಲ. ಕಟ್ಟುವಷ್ಟು ಕಾಲ ಕಾಡಿನೊಳಗೆ ಬೀಡುಬಿಡುವ ಯಂತ್ರಗಳು, ಜಲ್ಲಿ, ಕಾರ್ಮಿಕರ ಶಿಬಿರಗಳ ಬಗ್ಗೆಯೂ ಮಾತಿಲ್ಲ.

ಎರಡನೆಯ ವ್ಯತ್ಯಾಸ ಇನ್ನೂ ಸರಳ. ಹೆದ್ದಾರಿ 44 ದೇಶದ ಉದ್ದಕ್ಕೂ ಹೋಗುವ ರಸ್ತೆ, ಅದನ್ನು ರಾತ್ರಿ ಮುಚ್ಚಲಾಗದು. ಬಂಡೀಪುರದ್ದನ್ನು ಮುಚ್ಚಬಹುದು ಎಂಬುದು 2009ರಿಂದ ಪ್ರತಿ ರಾತ್ರಿ ಸಾಬೀತಾಗುತ್ತಿದೆ. ಒಂದು ಗೇಟು, ಕೆಲವು ಸಿಬ್ಬಂದಿ, ಇಷ್ಟರಲ್ಲಿ ಆಗುತ್ತಿರುವ ಕೆಲಸವನ್ನು ಕೆಡಿಸಿ, ಅದಕ್ಕಿಂತ ಕಡಿಮೆ ಫಲಕ್ಕೆ ನೂರಾರು ಕೋಟಿ ಸುರಿಯಿರಿ ಎನ್ನುವವರು, ಬೇರೆಡೆ ಅಂಡರ್‌ಪಾಸ್ ದುಬಾರಿ ಎಂದು ಗೋಳಾಡಿದವರೇ. ಮೇಲ್ಸೇತುವೆ ನಿಜಕ್ಕೂ ಪ್ರಾಣಿಗಳಿಗಾಗಿ ಆಗಿದ್ದರೆ ಅದನ್ನು ಹಗಲಿನ ವಾಹನಗಳಿಗಾಗಿ ಕೇಳಬೇಕಿತ್ತು, ರಾತ್ರಿ ಗೇಟು ಹಾಗೆಯೇ ಇರಲಿ ಎನ್ನಬೇಕಿತ್ತು. ಹಾಗೆ ಕೇಳಿದವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಬೇಡಿಕೆ ಇರುವುದು ರಾತ್ರಿಯ ಲಾರಿಗೆ, ಆನೆಯ ಹೆಸರು ಅರ್ಜಿಯ ಮೇಲೆ ಮಾತ್ರ.

ವಯನಾಡಿನ ಜನರ ತೊಂದರೆಯನ್ನು ನಾನು ಹಗುರ ಮಾಡುವುದಿಲ್ಲ. ತರಕಾರಿ ಸಾಗಿಸುವವರು, ಮೈಸೂರು ಆಸ್ಪತ್ರೆಗಳಿಗೆ ಬರುವವರು, ಬೆಂಗಳೂರಿನಲ್ಲಿ ಓದುವ ಮಕ್ಕಳು ಆ ರಸ್ತೆಯನ್ನು ನಂಬಿದ್ದಾರೆ. ಅವರಿಗಾಗಿಯೇ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಮೂಲಕ ಬದಲಿ ದಾರಿಯನ್ನು ಅಭಿವೃದ್ಧಿಪಡಿಸಲಾಯಿತು. ಮೂವತ್ತು ಕಿಲೋಮೀಟರಿನಷ್ಟು ಸುತ್ತು. ಆ ದಾರಿಯೂ ಕಾಡಿನಲ್ಲೇ ಹೋಗುತ್ತದಲ್ಲ ಎಂದು ಎದುರಾಳಿಗಳು ಗೆದ್ದವರಂತೆ ಕೇಳುತ್ತಾರೆ. ಹೌದು, ಅದು ಬಹುಪಾಲು ಊರು, ಕಾಫಿ ತೋಟಗಳ ನಡುವೆ ಹೋದರೂ ಮತ್ತಿಗೋಡು, ಆನೆಚೌಕೂರಿನ ಬಳಿ ನಾಗರಹೊಳೆಯ ಕಾಡನ್ನು ಹಾಯುತ್ತದೆ, ರಾತ್ರಿಯೂ ತೆರೆದಿರುತ್ತದೆ. ಹಾಗಿದ್ದರೆ ಮುಚ್ಚಲಾಗದ ಆ ರಸ್ತೆಗೇ ತಾನೇ ಅಂಡರ್‌ಪಾಸ್ ಬೇಕಾದದ್ದು? ಬಂಡೀಪುರಕ್ಕೆ ಮೀಸಲಿಡಲು ಸಿದ್ಧವಿದ್ದ ಹಣದ ಒಂದು ಪಾಲು ಅಲ್ಲಿ ಆನೆಗಳ ಓಡಾಟ ದಟ್ಟವಾಗಿರುವ ಜಾಗ ಗುರುತಿಸಿ ಕಟ್ಟಲು ಬರಲಿ. ಅದನ್ನು ಬೆಂಬಲಿಸಲು ನಾವು ಮೊದಲ ಸಾಲಿನಲ್ಲಿರುತ್ತೇವೆ. ಎದುರಾಳಿಗಳೂ ಬರುತ್ತಾರೆಯೇ ಎಂಬುದು ಅವರ ಮಾತಿನ ಪ್ರಾಮಾಣಿಕತೆಗೆ ಪರೀಕ್ಷೆ.

ಕೊನೆಗೆ, ಕಟ್ಟಿಬಿಟ್ಟರೆ ಮುಗಿಯಿತು ಎನ್ನುವವರಿಗೂ ಒಂದು ಮಾತು. ಬೇಲಿಯಿಲ್ಲದ ಅಂಡರ್‌ಪಾಸ್ ಅರ್ಧ ಕೆಲಸ. ದಾರಿ ತೋರಿಸುವ ಬೇಲಿ ಐದು ಕಿಲೋಮೀಟರಿಗಿಂತ ಚಿಕ್ಕದಾದರೆ ಅದರ ಫಲ ಕುಸಿಯುತ್ತದೆ ಎಂಬುದನ್ನು ಹಲವು ರಸ್ತೆಗಳನ್ನು ಹೋಲಿಸಿ ಕಂಡುಕೊಂಡಿದ್ದಾರೆ. ಬಾಯಲ್ಲಿ ಗೂಡಂಗಡಿ ಎದ್ದರೆ, ಕೆಳಗೆ ಲಾರಿ ನಿಲ್ಲಿಸಿ ಅಡುಗೆ ಮಾಡಿದರೆ, ಊರ ಕಸ ಅಲ್ಲಿಗೆ ಬಂದು ಬಿದ್ದರೆ ಎಷ್ಟೇ ಅಗಲವಿದ್ದರೂ ಹುಲಿ ಆ ಕಡೆ ಸುಳಿಯದು. ಪೆಂಚ್‌ನ ಲೆಕ್ಕ ನಮಗೆ ಸಿಕ್ಕಿದ್ದು ಕಟ್ಟಿದ ಮೇಲೆ ಕ್ಯಾಮೆರಾ ಇಟ್ಟು ಎಣಿಸಿದ್ದರಿಂದ. ಎಣಿಸದೆ ಯಶಸ್ಸೆಂದು ಹೇಳುವುದೂ ಎಣಿಸದೆ ವೈಫಲ್ಯವೆಂದು ಹೇಳುವುದೂ ಸಮಾನ ಸುಳ್ಳು.

2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ನಮ್ಮ ಕಾಡಿನಂಚಿನ ರಸ್ತೆಗಳು ಒಂದೊಂದಾಗಿ ಅಗಲವಾಗುತ್ತಲೇ ಇವೆ. ನಿಮ್ಮ ತಾಲ್ಲೂಕಿನ ರಸ್ತೆಯ ಸರದಿ ಬಂದು ಅಹವಾಲು ಸಭೆ ಕರೆದಾಗ ದಯವಿಟ್ಟು ಹೋಗಿ. ದಾಟುದಾರಿ ಯಾವ ಪ್ರಾಣಿಗೆ, ಅದರ ಅಗಲ ಎಷ್ಟು ಮೀಟರ್, ಬೇಲಿ ಎಷ್ಟು ಕಿಲೋಮೀಟರ್, ಕಟ್ಟಿದ ಮೇಲೆ ಕ್ಯಾಮೆರಾ ಇಟ್ಟು ಎಣಿಸುವವರು ಯಾರು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.